ಎಫ್‌ಸಿ: ಕಟ್ಟೆ ಮಾತು, ಕಾಯ್ದೆ ಮಾತು

“ಹದಿನೈದು ವರ್ಷ ಆಯ್ತಲ್ಲ, ಇನ್ನು ಗುಜರಿಗೆ ಹಾಕೋದೇ!”

ಮೈಸೂರಿನಲ್ಲಿ ಹಳೆಯ ಮಾರುತಿ 800ನ್ನೋ ಹಳೆಯ ಸ್ಪ್ಲೆಂಡರ್ ಬೈಕನ್ನೋ ಜೋಪಾನ ಮಾಡಿಕೊಂಡು ಬಂದವರೆಲ್ಲ ಈ ಮಾತು ಕೇಳಿಯೇ ಇರುತ್ತಾರೆ. ಹೇಳುವವರಲ್ಲಿ ಎರಡು ಬಗೆ. ವಾಟ್ಸಾಪಿನಲ್ಲಿ ಬಂದದ್ದನ್ನು ಓದಿ ನಿಜವಾಗಿ ನಂಬಿದವರು ಒಂದು ಬಗೆ, ಅದೇ ಗಾಡಿಯನ್ನು ಅಗ್ಗಕ್ಕೆ ಹೊಡೆದುಕೊಳ್ಳಲು ಕಾದವರು ಇನ್ನೊಂದು.

ಈ ಸುದ್ದಿಯ ಮೂಲ ದೆಹಲಿ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ, ಹದಿನೈದು ದಾಟಿದ ಪೆಟ್ರೋಲ್ ಗಾಡಿ ರಾಜಧಾನಿ ವಲಯದಲ್ಲಿ ಓಡಬಾರದು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಆ ಆದೇಶ ಇದ್ದದ್ದು ಅಲ್ಲಿನ ಗಾಳಿಗೆ, ಅಲ್ಲಿನ ರಸ್ತೆಗೆ. ಅದರ ಮೇಲೆ 2021ರಲ್ಲಿ ಗುಜರಿ ನೀತಿ ಬಂತು. ಮತ್ತೆ 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಿಸುವುದಿಲ್ಲ ಎಂಬ ನಿಯಮ ಜಾರಿಯಾಯಿತು. ಮೂರೂ ಸೇರಿ ಒಂದೇ ಸುದ್ದಿಯಾಗಿ ನಮ್ಮೂರ ಟೀ ಅಂಗಡಿಗೆ ಬಂದಿಳಿದಿದೆ.

ಕರ್ನಾಟಕದಲ್ಲಿ ಸ್ವಂತ ಬಳಕೆಯ ಬಿಳಿ ಬೋರ್ಡ್ ಗಾಡಿಗೆ ಅನ್ವಯಿಸುವುದು 1988ರ ಮೋಟಾರು ವಾಹನ ಕಾಯ್ದೆ. ಅದರ ಪ್ರಕಾರ ಮೊದಲ ನೋಂದಣಿ 15 ವರ್ಷಕ್ಕೆ. ಆಮೇಲೆ ಗಾಡಿಯನ್ನು ತಪಾಸಣೆಗೆ ಒಯ್ದು, ಯೋಗ್ಯವಾಗಿದ್ದರೆ ಐದೈದು ವರ್ಷಕ್ಕೆ ನವೀಕರಿಸಬಹುದು. ಗಾಡಿ ಗಟ್ಟಿಯಿದ್ದು ಪ್ರತಿ ಸಲ ಪಾಸಾಗುತ್ತಿದ್ದರೆ ನವೀಕರಣವೂ ಆಗುತ್ತಲೇ ಇರುತ್ತದೆ. ಐವತ್ತು ವರ್ಷ ದಾಟಿ, ಮೂಲರೂಪದಲ್ಲೇ ಉಳಿದ ಗಾಡಿಗಳಿಗೆ ‘ವಿಂಟೇಜ್’ ಎಂಬ ಬೇರೆಯ ನೋಂದಣಿಯನ್ನೇ 2021ರಲ್ಲಿ ತಂದಿದ್ದಾರೆ.

ಖರ್ಚಿನ ಮಾತು ಬೇರೆ. 2022ರ ಏಪ್ರಿಲ್‌ಗೆ ಮುಂಚೆ ಹಳೆ ಕಾರಿನ ನವೀಕರಣಕ್ಕೆ 600 ರೂಪಾಯಿ, ಬೈಕಿಗೆ 300 ಇತ್ತು. ಅದು ಒಂದೇ ಏಟಿಗೆ 5,000 ಮತ್ತು 1,000 ಆಯಿತು. 2025ರ ಆಗಸ್ಟ್‌ನ ಅಧಿಸೂಚನೆಯಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000, ಬೈಕಿಗೆ 2,000 ಎಂದು ಮಾಡಿದ್ದಾರೆ. ರಾಜ್ಯದ ಹಸಿರು ತೆರಿಗೆ ಇದರ ಮೇಲೆ. ಗುಜರಿಗೆ ಹಾಕು ಎಂದು ಕಾನೂನು ಬಾಯಿಬಿಟ್ಟು ಹೇಳುವುದಿಲ್ಲ, ಶುಲ್ಕದ ರಸೀದಿ ಹೇಳುತ್ತದೆ.

“ಎಮಿಷನ್ ಮಾಡ್ಸಿದೀನಲ್ಲ, ಇನ್ನೇನು ಎಫ್‌ಸಿ?”

ನನ್ನ ಪ್ರಕಾರ ಉಳಿದ ಗೊಂದಲಗಳಿಗೆಲ್ಲ ಇದೇ ತಾಯಿಬೇರು. ನೋಂದಣಿ, ಯೋಗ್ಯತಾ ಪತ್ರ, ಹೊಗೆ ತಪಾಸಣೆ ಎಂಬ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ‘ಎಫ್‌ಸಿ’ ಎಂದುಬಿಡುತ್ತೇವೆ. ಕಾನೂನಿಗೆ ಅವು ಮೂರು ಬೇರೆ ಬೇರೆ ಕಾಗದ, ಮೂರಕ್ಕೂ ಬೇರೆ ಬೇರೆ ಅವಧಿ, ಸಿಗುವ ಜಾಗವೂ ಬೇರೆ.

ಪೆಟ್ರೋಲ್ ಬಂಕಿನ ಮೂಲೆಯ ಗೂಡಿನಲ್ಲಿ ಆಗುವುದು ಹೊಗೆ ಪರೀಕ್ಷೆ ಮಾತ್ರ. ಪೆಟ್ರೋಲ್ ಗಾಡಿಯಾದರೆ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಸೈಲೆನ್ಸರ್ ಬಾಯಿಗೆ ಕೊಳವೆ ತೂರಿಸಿ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಕಾರ್ಬನ್ ಎಷ್ಟಿದೆಯೆಂದು ನೋಡುತ್ತಾರೆ. ಡೀಸೆಲ್ ಆದರೆ ಆಕ್ಸಿಲರೇಟರ್ ಪೂರ್ತಿ ಒತ್ತಿಸಿ ಹೊಗೆ ಎಷ್ಟು ದಟ್ಟವಾಗಿದೆ ಎಂದು ಅಳೆಯುತ್ತಾರೆ. ನಿಮ್ಮ ಬ್ರೇಕ್ ಹಿಡಿಯುತ್ತದೋ ಇಲ್ಲವೋ ಆ ಯಂತ್ರಕ್ಕೆ ಗೊತ್ತಿಲ್ಲ. ಹೊಸ ಗಾಡಿಗೆ ಮೊದಲ ವರ್ಷ ಇದು ಬೇಕಿಲ್ಲ. ಆಮೇಲೆ ಆರು ತಿಂಗಳಿಗೊಮ್ಮೆ, ಬಿಎಸ್-4 ಮತ್ತು ಬಿಎಸ್-6 ಗಾಡಿಗಳಿಗೆ ವರ್ಷಕ್ಕೊಮ್ಮೆ. ಕೊನೆಯ ದಿನಾಂಕ ಪತ್ರದ ಮೇಲೆಯೇ ಅಚ್ಚಾಗಿರುತ್ತದೆ. ಮಾನ್ಯತೆ ಪಡೆದ ಕೇಂದ್ರ ಯಾವುದೆಂದು ಪರಿವಾಹನ್ ಜಾಲತಾಣದಲ್ಲಿ ಜಿಲ್ಲೆವಾರು ನೋಡಬಹುದು. ಗಾಡಿಯನ್ನೇ ನೋಡದೆ, ನಂಬರ್ ಕೇಳಿ ಚೀಟಿ ಹರಿದುಕೊಡುವ ಕಡೆಗೆ ಹೋಗಬೇಡಿ.

ಯೋಗ್ಯತಾ ಪತ್ರ, ಅಂದರೆ ಅಸಲಿ ಎಫ್‌ಸಿ, ಕಡ್ಡಾಯ ಇರುವುದು ಬಾಡಿಗೆಗೆ ಮತ್ತು ಸಾಗಣೆಗೆ ಓಡುವ ವಾಹನಗಳಿಗೆ: ಆಟೋ, ಟ್ಯಾಕ್ಸಿ, ಗೂಡ್ಸ್ ಟೆಂಪೊ, ಲಾರಿ, ಶಾಲಾ ಬಸ್. ಹೊಸದಕ್ಕೆ ಮೊದಲ ಎರಡು ವರ್ಷದ ಮಟ್ಟಿಗೆ ಯೋಗ್ಯತೆ ಇದ್ದೇ ಇರುತ್ತದೆ. ಅಲ್ಲಿಂದ ಎಂಟು ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ, ಎಂಟು ದಾಟಿದ ಮೇಲೆ ವರ್ಷ ವರ್ಷವೂ ಮಾಡಿಸಬೇಕು. ಬಿಳಿ ಬೋರ್ಡ್‌ನವರಿಗೆ ಇದೇ ಬಗೆಯ ತಪಾಸಣೆ ಬರುವುದು ಹದಿನೈದನೇ ವರ್ಷದಲ್ಲಿ, ನೋಂದಣಿ ನವೀಕರಣದ ಜೊತೆಗೆ.

ಆಟೋದವರಿಗೆ ಇನ್ನೊಂದು ಬಾಬ್ತಿದೆ. ಮೀಟರಿಗೆ ಮುದ್ರೆ ಹಾಕುವುದು ಆರ್‌ಟಿಒ ಅಲ್ಲ, ಕಾನೂನು ಮಾಪನಶಾಸ್ತ್ರ ಇಲಾಖೆ. ಅದನ್ನು ಬೇರೆಯೇ ಮಾಡಿಸಿಕೊಳ್ಳಬೇಕು.

“ಗ್ಯಾರೇಜಲ್ಲೇ ಎಫ್‌ಸಿ ಮಾಡ್ಕೊಡ್ತಾರೆ”

ಮಾಡಿಕೊಡುವುದಿಲ್ಲ. ಗ್ಯಾರೇಜು ಗಾಡಿಯನ್ನು ತಪಾಸಣೆಗೆ ಸಜ್ಜು ಮಾಡಿಕೊಡಬಹುದು, ಅಷ್ಟೆ. ಪತ್ರ ಕೊಡುವ ಅಧಿಕಾರ ಇರುವುದು ಸಾರಿಗೆ ಇಲಾಖೆಯ ಮೋಟಾರು ವಾಹನ ನಿರೀಕ್ಷಕರಿಗೆ, ಇಲ್ಲವೇ ನೋಂದಾಯಿತ ಸ್ವಯಂಚಾಲಿತ ಪರೀಕ್ಷಾ ಕೇಂದ್ರಕ್ಕೆ. ಈ ಕೇಂದ್ರಗಳ ನಿಯಮ ಬಂದದ್ದು 2021ರ ಸೆಪ್ಟೆಂಬರ್‌ನಲ್ಲಿ. ಅದರಲ್ಲಿ ನನಗೆ ತುಂಬ ಹಿಡಿಸಿದ ಒಂದು ಷರತ್ತಿದೆ: ಪರೀಕ್ಷೆ ನಡೆಸುವ ಕೇಂದ್ರ ವಾಹನ ರಿಪೇರಿ ಮಾಡುವಂತಿಲ್ಲ, ಗಾಡಿಯನ್ನಾಗಲಿ ಬಿಡಿಭಾಗವನ್ನಾಗಲಿ ಮಾರುವಂತಿಲ್ಲ. ‘ಬ್ರೇಕ್ ಫೇಲು, ಇಲ್ಲೇ ಹೊಸದು ಹಾಕಿಸಿದರೆ ಪಾಸು’ ಎನ್ನುವ ವ್ಯಾಪಾರಕ್ಕೆ ಅಲ್ಲಿ ಜಾಗವಿಲ್ಲ.

ಇಂಥ ಕೇಂದ್ರದಲ್ಲಿ ಗಾಡಿಯ ಚಕ್ರವನ್ನು ಉರುಳೆಗಳ ಮೇಲೆ ನಿಲ್ಲಿಸಿ ಪ್ರತಿ ಚಕ್ರದ ಬ್ರೇಕ್ ಬಲವನ್ನು ಅಳೆಯುತ್ತಾರೆ. ಎಡಬಲ ಎಳೆತ, ಸಸ್ಪೆನ್ಷನ್, ಹೆಡ್‌ಲೈಟಿನ ಬೆಳಕು ಬೀಳುವ ಕೋನ, ಸ್ಪೀಡೋಮೀಟರ್, ಹೊಗೆ ಎಲ್ಲಕ್ಕೂ ಯಂತ್ರಗಳಿವೆ. ಅಂಕಿ ನೇರವಾಗಿ ಕಂಪ್ಯೂಟರಿಗೆ ಹೋಗುತ್ತದೆ.

ನಮ್ಮ ರಾಜ್ಯದಲ್ಲಿ ಇಂಥದ್ದಕ್ಕೆ ಮೊದಲು ಹೆಸರಾದದ್ದು ನೆಲಮಂಗಲ. ಅದಕ್ಕೇ ‘ಮೈಸೂರಿನ ಲಾರಿಗಳೆಲ್ಲ ಇನ್ನು ನೆಲಮಂಗಲಕ್ಕೇ ಹೋಗಬೇಕಂತೆ’ ಎಂಬ ಪುಕಾರು. ಸಾಗಣೆ ವಾಹನಗಳಿಗೆ ಯಂತ್ರ ತಪಾಸಣೆ ಕಡ್ಡಾಯ ಮಾಡುವ ಗಡುವು 2023ರ ಏಪ್ರಿಲ್‌ನಿಂದ 2024ರ ಅಕ್ಟೋಬರ್‌ಗೆ ಜರುಗಿದ್ದೂ ಗೊಂದಲ ಹೆಚ್ಚಿಸಿತು. ಕಡ್ಡಾಯ ಎನ್ನುವುದು ಆಯಾ ನೋಂದಣಿ ಪ್ರಾಧಿಕಾರದ ವ್ಯಾಪ್ತಿಯಲ್ಲಿ ಅಂಥ ಕೇಂದ್ರ ಕೆಲಸ ಮಾಡುತ್ತಿದ್ದರೆ. ಇಲ್ಲದ ಕಡೆ ಆರ್‌ಟಿಒ ನಿರೀಕ್ಷಕರೇ ನೋಡುತ್ತಾರೆ. ನಿಮ್ಮ ಗಾಡಿ ಯಾವ ಕಡೆಗೆ ಬರುತ್ತದೆ ಎಂದು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಪರಿವಾಹನ್‌ನಲ್ಲಿ ಗಾಡಿ ನಂಬರ್ ಹಾಕಿ ಸ್ಲಾಟ್ ತೆಗೆದುಕೊಳ್ಳುವಾಗ ಕೇಂದ್ರದ ಹೆಸರು ತೆರೆಯ ಮೇಲೆ ಬರುತ್ತದೆ. ಕಚೇರಿ ಇರುವ ಜಾಗದಲ್ಲೇ ತಪಾಸಣೆ ನಡೆಯುತ್ತದೆಂದು ಎಣಿಸಿ ಹೊರಡಬೇಡಿ. ಹೊರಡುವ ಮುನ್ನ ಸ್ಲಾಟಿನ ಚೀಟಿಯಲ್ಲಿ ಸ್ಥಳ ಓದಿ.

“ಕೆಎ-09 ಗಾಡಿ ವೆಸ್ಟಿಗೇ, ಕೆಎ-55 ಈಸ್ಟಿಗೇ”

ಮೈಸೂರು ಪಶ್ಚಿಮ ಕಚೇರಿಯ ನೋಂದಣಿ ಕೆಎ-09, ಪೂರ್ವದ್ದು ಕೆಎ-55, ಹುಣಸೂರಿನದು ಕೆಎ-45. ಜನ ಇದನ್ನು ಹುಟ್ಟೂರಿನಂತೆ ಹಿಡಿದುಕೊಂಡಿದ್ದಾರೆ. ಖಾಸಗಿ ಗಾಡಿಯ ನವೀಕರಣದ ನಿಯಮ ಹೇಳುವುದು ಬೇರೆ: ವಾಹನ ಈಗ ಯಾವ ಪ್ರಾಧಿಕಾರದ ವ್ಯಾಪ್ತಿಯಲ್ಲಿದೆಯೋ ಅಲ್ಲಿ ಅರ್ಜಿ. ಮನೆ ಬದಲಾಗಿದ್ದರೆ ಆರ್‌ಸಿಯಲ್ಲಿ ವಿಳಾಸ ಮೊದಲು ಸರಿಪಡಿಸಿಕೊಳ್ಳಿ, ಅರ್ಧ ತಲೆನೋವು ಅಲ್ಲೇ ಕಳೆಯುತ್ತದೆ. ವಯನಾಡು ಕಡೆಯಿಂದ ಕೆಎಲ್ ಗಾಡಿ ತಂದು ಇಲ್ಲೇ ನೆಲೆಸಿದವರ ವಿಷಯ ಇನ್ನೂ ಬೇರೆ. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡರೆ ಮರುನೋಂದಣಿಯೇ ಆಗಬೇಕು.

“ಬ್ರೋಕರ್ ನೋಡ್ಕೋತಾನೆ, ಗಾಡಿ ಹೋಗೋದೇನೂ ಬೇಡ”

ಅರ್ಜಿ ತುಂಬಲು ಯಾರ ನೆರವನ್ನಾದರೂ ಪಡೆಯಿರಿ, ಅದರಲ್ಲಿ ತಪ್ಪೇನಿಲ್ಲ. ಗಾಡಿ ಮಾತ್ರ ನಿರೀಕ್ಷಕರ ಮುಂದೆ ನಿಲ್ಲಲೇಬೇಕು. ಅವರು ನೋಡುವ ಮೊದಲ ಸಂಗತಿ ಬ್ರೇಕೂ ಅಲ್ಲ, ಲೈಟೂ ಅಲ್ಲ. ಇದು ಅದೇ ಗಾಡಿಯೋ ಎಂಬುದು. ಚಾಸಿ ನಂಬರ್ ಕೆತ್ತಿದ ಜಾಗಕ್ಕೆ ಮೆತ್ತಿದ ಗ್ರೀಸು, ಕೆಸರನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ತೆಳು ಕಾಗದ ಒತ್ತಿಹಿಡಿದು ಮೇಲೆ ಪೆನ್ಸಿಲ್ ಸೀಸ ಉಜ್ಜುತ್ತಾರೆ. ಬೂದು ಮಸಿಯ ನಡುವೆ ಅಂಕಿಗಳು ಒಂದೊಂದಾಗಿ ಬಿಳಿದಾಗಿ ಏಳುತ್ತವೆ. ಆರ್‌ಸಿಯಲ್ಲಿರುವ ನಂಬರಿಗೆ ಅದು ತಾಳೆಯಾಗಬೇಕು. ಹಳೆ ಬೈಕುಗಳಲ್ಲಿ ಈ ಜಾಗ ತುಕ್ಕು ತಿಂದಿರುವುದುಂಟು. ಮನೆಯಲ್ಲೇ ಮುಂಚೆ ಒಂದು ಸಲ ಉಜ್ಜಿ ನೋಡಿಕೊಳ್ಳುವುದು ಒಳ್ಳೆಯದು.

“ಪೈಂಟ್ ಹೊಡ್ಸಿ ಪಾಲಿಶ್ ಮಾಡ್ಸಿದ್ರೆ ಪಾಸು”

ಆಯುಧಪೂಜೆಗೆ ಅಲಂಕಾರ ಮಾಡಿದ ಹಾಗೆ ಗಾಡಿ ಸಿಂಗರಿಸಿಕೊಂಡು ಬರುವವರಿದ್ದಾರೆ. ನೋಡಲು ಚೆಂದ. ತಪಾಸಣೆಯಲ್ಲಿ ಗಾಡಿ ಫೇಲಾಗುವುದು ಇದಕ್ಕಿಂತ ಬಡ ಸಂಗತಿಗಳಿಗೆ: ಉರಿಯದ ಬ್ರೇಕ್ ಲೈಟು, ಕಡಿದುಹೋದ ಹ್ಯಾಂಡ್‌ಬ್ರೇಕ್ ಕೇಬಲ್, ಒಂದು ಕಡೆಯದೇ ಮಿನುಗುವ ಇಂಡಿಕೇಟರ್, ರಬ್ಬರಿಲ್ಲದ ವೈಪರ್, ಇಲ್ಲದ ಕನ್ನಡಿ.

ಟೈರಿನ ವಿಷಯದಲ್ಲಿ ಕಣ್ಣಂದಾಜು ಸಾಲದು. ದ್ವಿಚಕ್ರ, ತ್ರಿಚಕ್ರ ವಾಹನಗಳ ಟೈರಿನಲ್ಲಿ ಗೀರಿನ ಆಳ ಕನಿಷ್ಠ 0.8 ಮಿಲಿಮೀಟರ್, ಉಳಿದವಕ್ಕೆ 1.6 ಮಿಲಿಮೀಟರ್ ಇರಬೇಕು. ಅಳತೆಪಟ್ಟಿ ಬೇಡ. ಟೈರಿನ ಪಕ್ಕದ ಗೋಡೆಯಲ್ಲಿ ಪುಟ್ಟ ತ್ರಿಕೋನದ ಗುರುತೋ ‘ಟಿಡಬ್ಲ್ಯುಐ’ ಎಂಬ ಅಕ್ಷರವೋ ಇರುತ್ತದೆ. ಅದರ ನೇರಕ್ಕೆ ಗೀರಿನೊಳಗೆ ಬೆರಳಾಡಿಸಿದರೆ ಒಂದು ಸಣ್ಣ ದಿಬ್ಬ ಸಿಗುತ್ತದೆ. ಟೈರು ಸವೆದು ಆ ದಿಬ್ಬಕ್ಕೆ ಸಮನಾಯಿತೆಂದರೆ ಅದರ ಆಯಸ್ಸು ಮುಗಿಯಿತು.

ಪೈಂಟಿನಿಂದಲೇ ಫೇಲಾಗುವ ಸಾಧ್ಯತೆಯೂ ಇದೆ ಎಂಬುದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಆರ್‌ಸಿಯಲ್ಲಿ ಬಿಳಿ ಎಂದಿದ್ದು ಗಾಡಿ ಕೆಂಪಗಿದ್ದರೆ ಪ್ರಶ್ನೆ ಬರುತ್ತದೆ. ಗುಡುಗುವ ಸೈಲೆನ್ಸರು, ಕಣ್ಣು ಕುಕ್ಕುವ ಹೆಚ್ಚುವರಿ ಲೈಟುಗಳನ್ನು ಬಿಚ್ಚಿಟ್ಟೇ ಹೋಗಿ. ತಪಾಸಣೆ ಮುಗಿದ ಮೇಲೂ ಮತ್ತೆ ಹಾಕಬೇಡಿ ಎಂದು ಹೇಳುವುದು ನನ್ನ ಕರ್ತವ್ಯ; ಕೇಳುವವರು ಕಡಿಮೆ. ಹಾಗೆಯೇ 2019ರ ಏಪ್ರಿಲ್‌ಗೆ ಮುಂಚಿನ ಗಾಡಿಗೆ ಇನ್ನೂ ಎಚ್‌ಎಸ್‌ಆರ್‌ಪಿ ಪ್ಲೇಟ್ ಹಾಕಿಸದಿದ್ದರೆ ಮೊದಲು ಅದನ್ನು ಮುಗಿಸಿ.

“ಡೇಟ್ ಮುಗಿದ್ರೂ ಒಂದ್ ತಿಂಗಳು ಟೈಮಿರುತ್ತೆ”

ಇಲ್ಲ. ಕಾಯ್ದೆಯ 56ನೇ ಕಲಂ ಕಟುವಾಗಿದೆ: ಯೋಗ್ಯತಾ ಪತ್ರವಿಲ್ಲದ ಸಾಗಣೆ ವಾಹನವನ್ನು ಸಿಂಧುವಾಗಿ ನೋಂದಣಿಯಾದ ವಾಹನ ಎಂದೇ ಪರಿಗಣಿಸುವುದಿಲ್ಲ. ಎಫ್‌ಸಿ ಮುಗಿದ ಆಟೋ ಮರುದಿನ ಬೆಳಗ್ಗೆ ಕಾನೂನಿನ ಕಣ್ಣಿಗೆ ನೋಂದಣಿಯೇ ಇಲ್ಲದ ಆಟೋ. 192ನೇ ಕಲಂ ಪ್ರಕಾರ ಮೊದಲ ಸಲಕ್ಕೆ 2,000ದಿಂದ 5,000 ರೂಪಾಯಿವರೆಗೆ ದಂಡ. ಮತ್ತೆ ಸಿಕ್ಕಿಬಿದ್ದರೆ 5,000ದಿಂದ 10,000, ಇಲ್ಲವೇ ಒಂದು ವರ್ಷದವರೆಗೆ ಸಜೆ, ಅಥವಾ ಎರಡೂ. ಖಾಸಗಿ ಗಾಡಿಯ ನವೀಕರಣ ತಡವಾದರೆ ಬೈಕಿಗೆ ತಿಂಗಳಿಗೆ 300, ಕಾರಿಗೆ 500 ರೂಪಾಯಿ ಹೆಚ್ಚುವರಿ.

ದಂಡಕ್ಕಿಂತ ದೊಡ್ಡ ಅಪಾಯ ವಿಮೆಯದು. ಕಂತು ಕಟ್ಟಿದ್ದೇನೆ, ಇನ್ನೇನು ಎಂದು ನಿಶ್ಚಿಂತೆಯಿಂದಿದ್ದವರು ಅಪಘಾತವಾದ ಮೇಲೆ ಎಫ್‌ಸಿ ದಿನಾಂಕ ಹುಡುಕುತ್ತಾರೆ. ಅದಕ್ಕೆ ಮುಂಚೆ ವಿಮಾ ಕಂಪನಿಯವರೇ ಹುಡುಕಿರುತ್ತಾರೆ. ಹೊಗೆ ಪತ್ರದ ವಿಷಯದಲ್ಲಿ ಮಾತ್ರ ಭಯ ಅತಿಯಾಗಿದೆ. ಪಾಲಿಸಿ ನವೀಕರಿಸುವಾಗ ಅದನ್ನು ಕೇಳಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ನಿಜ; 2024ರಲ್ಲಿ ಆ ಷರತ್ತನ್ನು ಅದೇ ಕೋರ್ಟ್ ಕೈಬಿಟ್ಟಿತು. ಅಷ್ಟೇ ಅಲ್ಲ, ಅಪಘಾತದ ದಿನ ಹೊಗೆ ಪತ್ರ ಇರಲಿಲ್ಲ ಎಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ.

“ಒಂದ್ಸಲ ಪಾಸಾದ್ರೆ ಮುಂದಿನ ಎಫ್‌ಸಿವರೆಗೂ ಚಿಂತೆಯಿಲ್ಲ”

ತಪಾಸಣೆ ಹೇಳುವುದು ಆ ದಿನ, ಆ ಗಳಿಗೆಯಲ್ಲಿ ಗಾಡಿ ಹೇಗಿತ್ತು ಎಂಬುದನ್ನು. ಗಾಡಿ ನಿಯಮಕ್ಕೆ ತಕ್ಕಂತಿಲ್ಲ ಎಂದು ಕಂಡುಬಂದರೆ, ಅವಧಿ ಉಳಿದಿದ್ದರೂ, ಕಾರಣ ಬರೆದು ಎಫ್‌ಸಿ ರದ್ದು ಮಾಡುವ ಅಧಿಕಾರ ಅದೇ 56ನೇ ಕಲಮಿನಲ್ಲಿದೆ. ಅಷ್ಟಕ್ಕೂ ಚಾಮುಂಡಿ ಬೆಟ್ಟದಿಂದ ಇಳಿಯುವಾಗ ಬ್ರೇಕ್ ಕಾದು ಸುಟ್ಟ ವಾಸನೆ ಬಂದರೆ ಎಫ್‌ಸಿ ಚೀಟಿ ತೋರಿಸಿ ಗಾಡಿ ನಿಲ್ಲಿಸಲು ಆಗುವುದಿಲ್ಲವಲ್ಲ. ಗೇರ್ ಇಳಿಸಿ ನಿಧಾನಕ್ಕೆ ಬನ್ನಿ, ಮೆಕ್ಯಾನಿಕ್ ಹತ್ತಿರ ಲೈನರ್ ನೋಡಿಸಿ.

ಫೇಲಾದರೂ ಕಥೆ ಅಲ್ಲಿಗೇ ಮುಗಿಯಲಿಲ್ಲ. ಏನು ಕೊರತೆ ಎಂದು ಬರೆದುಕೊಡುತ್ತಾರೆ. ಸರಿಪಡಿಸಿಕೊಂಡು, ಶುಲ್ಕ ಕಟ್ಟಿ, ಮತ್ತೆ ತಪಾಸಣೆಗೆ ಒಯ್ಯಬಹುದು.

ನಿಮ್ಮದು ಹದಿನೈದರ ಹತ್ತಿರ ಬಂದ ಗಾಡಿಯಾಗಿದ್ದರೆ ಇವತ್ತೇ ಆರ್‌ಸಿ ಕಾರ್ಡನ್ನೋ ಎಂಪರಿವಾಹನ್ ಆ್ಯಪನ್ನೋ ತೆಗೆದು ನೋಂದಣಿ ಎಂದಿಗೆ ಮುಗಿಯುತ್ತದೆ ಎಂದು ನೋಡಿ. ಆ ದಿನಾಂಕಕ್ಕೆ 60 ದಿನ ಮುಂಚಿನಿಂದಲೇ ನಮೂನೆ 25ರಲ್ಲಿ ನವೀಕರಣದ ಅರ್ಜಿ ಹಾಕಬಹುದು.