ರಾಧಾಕುಮುದ ಮುಖರ್ಜಿ: ಮೂರು ಆಕ್ಷೇಪಗಳಿಗೆ ಮೂರು ಗ್ರಂಥಗಳು

ಭರತಖಂಡವು ಒಂದು ದೇಶವೆಂಬ ಭಾವನೆ ಇಲ್ಲಿಯವರಿಗೆ ಎಂದೂ ಇರಲಿಲ್ಲ, ಸಮುದ್ರವೆಂದರೆ ಅವರು ಅಂಜುತ್ತಿದ್ದರು, ತಮ್ಮನ್ನು ತಾವೇ ಆಳಿಕೊಳ್ಳುವ ವಿದ್ಯೆಯನ್ನು ಆಂಗ್ಲರಿಂದಲೇ ಕಲಿಯಬೇಕಾಯಿತು ಎಂಬ ಮೂರು ಮಾತುಗಳು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ವಿದ್ಯಾವಂತರ ನಡುವೆಯೂ ನಿರ್ವಿವಾದವೆಂಬಂತೆ ಸಂಚರಿಸುತ್ತಿದ್ದವು. ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಗ್ರಂಥದಿಂದ ಉತ್ತರವಿತ್ತವರು ವಂಗದೇಶದ ಇತಿಹಾಸಕಾರರಾದ ರಾಧಾಕುಮುದ ಮುಖರ್ಜಿಯವರು.

1884ರಲ್ಲಿ ಬಹರಾಮಪುರದಲ್ಲಿ ಜನಿಸಿ, ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮುಗಿಸಿದ ಅವರು, 1905ರ ವಂಗಭಂಗದಿಂದ ಹುಟ್ಟಿದ ಸ್ವದೇಶೀ ಚಳವಳಿಯ ಕಾವಿನಲ್ಲಿ ರಾಷ್ಟ್ರೀಯ ಶಿಕ್ಷಣ ಪರಿಷತ್ತಿನ ಅಧ್ಯಾಪಕರಾದರು. 1912ರಲ್ಲಿ ಪ್ರಕಟವಾದ ಅವರ ಭಾರತೀಯ ನೌಕಾಯಾನದ ಇತಿಹಾಸವು ಸಾಂಚಿ ಅಜಂತಾಗಳ ಶಿಲ್ಪಚಿತ್ರಗಳನ್ನೂ, ಜಾವಾದ ಬೊರೊಬುದೂರಿನ ಶಿಲ್ಪಗಳಲ್ಲಿನ ಹಡಗುಗಳನ್ನೂ, ಭೋಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ವನ್ನೂ ಸಾಕ್ಷಿಗೆ ಕರೆಯಿತು. ಘಟ್ಟದ ಮೇಲಿನ ಮೆಣಸು ಹೊನ್ನಾವರ, ಭಟ್ಕಳಗಳ ಬಂದರಿಗಿಳಿದು ಕಡಲು ದಾಟುತ್ತಿದ್ದುದನ್ನು ಬಲ್ಲ ಶಿರಸಿ ಸೀಮೆಯವರಿಗೆ ಆ ವಾದ ಅಪರಿಚಿತವೆನಿಸದು. 1914ರಲ್ಲಿ ಬಂದ ಎರಡನೆಯ ಗ್ರಂಥವು, ತೀರ್ಥಯಾತ್ರೆಯೂ ನದೀಸ್ತುತಿಯೂ ಸಾಮ್ರಾಜ್ಯಗಳಿಲ್ಲದ ಕಾಲದಲ್ಲಿಯೂ ಜನಮನದಲ್ಲಿ ದೇಶದ ಏಕತೆಯನ್ನು ಕಾಪಾಡಿದುವೆಂದು ಪ್ರತಿಪಾದಿಸಿತು.

1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು ದೂರದೇಶದ ಪಂಡಿತರನ್ನು ಬರಮಾಡಿಕೊಳ್ಳುತ್ತಿದ್ದ ದಿನಗಳಲ್ಲಿ ಮುಖರ್ಜಿಯವರು ಅಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದರು; ರಾಧಾಕೃಷ್ಣನ್ ಅವರು ತತ್ತ್ವಶಾಸ್ತ್ರವನ್ನು ಬೋಧಿಸುತ್ತಿದ್ದುದೂ ಆಗಲೇ. ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಅಚ್ಚಿಗೆ ತಂದ ಊರೂ ಮೈಸೂರೇ; ಚಂದ್ರಗುಪ್ತಮೌರ್ಯನನ್ನು ಕುರಿತು ಮುಂದೆ ಮುಖರ್ಜಿಯವರು ಬರೆದ ಗ್ರಂಥಕ್ಕೆ ಆ ಶಾಸ್ತ್ರವೇ ಮುಖ್ಯ ಆಧಾರಗಳಲ್ಲೊಂದಾಯಿತು.

ಮೂರನೆಯ ಉತ್ತರವಾದ, ಪ್ರಾಚೀನ ಭಾರತದ ಸ್ಥಳೀಯ ಆಡಳಿತವನ್ನು ಕುರಿತ ಗ್ರಂಥವು 1919ರಲ್ಲಿ ಆಕ್ಸ್‌ಫರ್ಡಿನಿಂದ ಹೊರಬಿತ್ತು. ರಾಜರು ಬಂದು ಹೋದರೂ ಗ್ರಾಮಸಭೆ, ವರ್ತಕರ ಶ್ರೇಣಿ, ಕುಶಲಕರ್ಮಿಗಳ ಕೂಟಗಳು ಕೆರೆ, ದೇವಾಲಯ, ನ್ಯಾಯಗಳ ಭಾರವನ್ನು ತಾವೇ ಹೊತ್ತವೆಂಬುದು ಅದರ ಸಾರ. ಸ್ಮೃತಿಗಳ ಜೊತೆಗೆ ದಕ್ಷಿಣದ ಶಿಲಾಶಾಸನಗಳು ಅದರ ಬಲ. ಊರಿನ ವ್ಯವಹಾರ ನೋಡಿಕೊಳ್ಳುತ್ತಿದ್ದ ಮಹಾಜನರ ಹೆಸರು ಹೊತ್ತ ಶಾಸನಗಳು ನಮ್ಮ ನಾಡಿನ ಅಗ್ರಹಾರಗಳಲ್ಲಿ ಎಷ್ಟೋ ಇವೆ. ಕೆರೆಯ ಹೂಳೆತ್ತುವುದರಿಂದ ಸೊಪ್ಪಿನಬೆಟ್ಟದ ಹಕ್ಕಿನವರೆಗೆ ಹತ್ತು ಮನೆಯವರು ಕುಳಿತು ತೀರ್ಮಾನಿಸುವ ರೂಢಿಯನ್ನು ಬಲ್ಲ ಭೈರುಂಬೆಯಂಥ ತೋಟಿಗರ ಊರಿನ ಓದುಗನಿಗೆ ಈ ಗ್ರಂಥದ ವಿಷಯವು ಮನೆಯಂಗಳದ್ದೇ ಎನಿಸೀತು.

1921ರಲ್ಲಿ ಅವರು ಲಕ್ನೋ ವಿಶ್ವವಿದ್ಯಾನಿಲಯಕ್ಕೆ ತೆರಳಿ ಅಲ್ಲಿಯೇ ದೀರ್ಘಕಾಲ ನೆಲೆಸಿದರು. 1928ರ ‘ಅಶೋಕ’ ಗ್ರಂಥದಲ್ಲಿ ಕರ್ನಾಟಕವು ಮತ್ತೆ ಸಾಕ್ಷಿಯಾಗಿ ನಿಲ್ಲುತ್ತದೆ: ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರಗಳ (ಇದು ಶಿರಸಿಯ ನೆರೆಯ ಸಿದ್ದಾಪುರವಲ್ಲ) ಬಂಡೆಶಾಸನಗಳು ಒಂದೆಡೆ, ರಕ್ಖಿತನೆಂಬ ಭಿಕ್ಷುವನ್ನು ಧರ್ಮಪ್ರಚಾರಕ್ಕಾಗಿ ವನವಾಸಕ್ಕೆ, ಅಂದರೆ ನಮ್ಮ ಬನವಾಸಿಯೆಂದು ವಿದ್ವಾಂಸರು ಗುರುತಿಸುವ ನಾಡಿಗೆ, ಕಳುಹಿಸಲಾಯಿತೆನ್ನುವ ಸಿಂಹಳದ ಮಹಾವಂಶ ಇನ್ನೊಂದೆಡೆ. 1952ರಿಂದ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದ ಅವರಿಗೆ 1957ರಲ್ಲಿ ಪದ್ಮಭೂಷಣವು ಸಂದಿತು.

ಆಕ್ಷೇಪಕ್ಕೆ ಉತ್ತರವಾಗಿ ಬರೆಯುವವನ ಕೃತಿಗೆ ಆಕ್ಷೇಪಕನೇ ಎಲ್ಲೆಯನ್ನು ಹಾಕಿಕೊಟ್ಟಿರುತ್ತಾನೆ. ಮುಖರ್ಜಿಯವರೂ ಇದಕ್ಕೆ ಹೊರತಲ್ಲ. ಗ್ರಾಮಸಭೆಯಿತ್ತೆಂದು ತೋರಿಸುವ ಆತುರದಲ್ಲಿ ಅದರೊಳಗೆ ಯಾರಿಗೆ ಸ್ಥಾನವಿರಲಿಲ್ಲವೆಂಬ ಪ್ರಶ್ನೆ ಹಿಂದೆ ಸರಿಯಿತು. ಅವರ ವಾದಕ್ಕೆ ಪ್ರಬಲ ಪ್ರಮಾಣವಾದ ತಮಿಳುನಾಡಿನ ಉತ್ತರಮೇರೂರಿನ ಹತ್ತನೆಯ ಶತಮಾನದ ಶಾಸನವೇ, ಸದಸ್ಯನಾಗುವವನಿಗೆ ಸ್ವಂತ ಭೂಮಿ, ಸ್ವಂತ ಮನೆ, ವೇದಜ್ಞಾನ ಇರಬೇಕೆಂದು ವಿಧಿಸುತ್ತದೆ. ಆದರೂ, ಅರಸರ ವಂಶಾವಳಿಯನ್ನೇ ಇತಿಹಾಸವೆಂದು ಬಗೆದಿದ್ದವರ ದೃಷ್ಟಿಯನ್ನು ಊರಿನ ಕಲ್ಲಿನತ್ತ ತಿರುಗಿಸಿದ ಶ್ರೇಯಸ್ಸಿನಲ್ಲಿ ಅವರ ಪಾಲು ದೊಡ್ಡದು. ಅವರು ಕೇಳದೆ ಬಿಟ್ಟ ಪ್ರಶ್ನೆಗೂ ಉತ್ತರವು ಆ ಕಲ್ಲುಗಳಿಂದಲೇ ದೊರೆಯಬೇಕಾಗಿದೆ.