ಜ್ವರ ಇಳಿದ ಮೇಲೆ ಎದೆನೋವೇ? ‘ಗ್ಯಾಸ್’ ಎಂದು ತಳ್ಳಿಹಾಕಬೇಡಿ

ಕೋವಿಡ್‌ನಂತಹ ತೀವ್ರ ಸೋಂಕು ಬಂದು ಎರಡು ಮೂರು ವಾರವಾಗಿದೆ, ಜ್ವರವೂ ಇಳಿದಿದೆ. ಆಗ ಒಮ್ಮೆಲೇ ಎದೆ ಹಿಡಿದುಕೊಂಡರೆ ನಾವು ಸಾಮಾನ್ಯವಾಗಿ ಜೀರಿಗೆ ನೀರು, ಸೋಡಾ ಕೊಟ್ಟು ಸುಮ್ಮನಾಗುತ್ತೇವೆ. ಆದರೆ ಅದು ಹೊಟ್ಟೆಯ ಗಾಳಿಯಲ್ಲದೆ ಶ್ವಾಸಕೋಶದಿಂದ ಸೋರಿದ ಗಾಳಿಯೂ ಆಗಿರಬಹುದು.

2003ರಲ್ಲಿ ಹಾಂಗ್‌ಕಾಂಗ್‌ನ ಅಮೊಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ ಸಾರ್ಸ್ ಹರಡಿದಾಗ ವೈದ್ಯರು 75 ರೋಗಿಗಳನ್ನು ಮೂರು ವಾರ ಗಮನಿಸಿದರು. ಅವರಲ್ಲಿ 9 ಮಂದಿಗೆ ಎದೆಯ ನಡುಭಾಗದಲ್ಲಿ, ಹೃದಯದ ಸುತ್ತಮುತ್ತ, ತಾನಾಗಿಯೇ ಗಾಳಿ ತುಂಬಿಕೊಂಡಿತ್ತು. 2020ರ ನಂತರ ಕೋವಿಡ್ ರೋಗಿಗಳಲ್ಲೂ ಇಂಥ ತೊಂದರೆ ಕಂಡುಬಂತು. ಆಸ್ಪತ್ರೆ ಸೇರಿದ ನೂರು ಜನರಲ್ಲಿ ಸುಮಾರು ಒಬ್ಬರಿಗೆ ಶ್ವಾಸಕೋಶದ ಹೊರಗೆ ಗಾಳಿ ಸೇರಿತು. ವೆಂಟಿಲೇಟರ್‌ನಲ್ಲಿ ಇದ್ದವರಲ್ಲಿ ಇದು ಹೆಚ್ಚು, ಇಲ್ಲದವರಿಗೂ ತಪ್ಪಿದ್ದಲ್ಲ.

ಆಗುವುದು ಇಷ್ಟು. ಶ್ವಾಸಕೋಶದೊಳಗಿನ ಸಣ್ಣ ಗಾಳಿಚೀಲಗಳ ಗೋಡೆ ಸೋಂಕಿನಿಂದ ಬಲ ಕಳೆದುಕೊಂಡಿರುತ್ತದೆ. ಬಿಡದೆ ಕೆಮ್ಮಿದಾಗ ಒಳಗಿನ ಒತ್ತಡ ಏರಿ ಕೆಲವು ಒಡೆಯುತ್ತವೆ. ಹೊರಬಿದ್ದ ಗಾಳಿ ರಕ್ತನಾಳಗಳ ಹೊದಿಕೆಯ ಗುಂಟ ಎದೆಯ ನಡುವಿಗೆ, ಅಲ್ಲಿಂದ ಕುತ್ತಿಗೆಯ ಚರ್ಮದಡಿಗೆ ಏರುತ್ತದೆ. ಕೆನಡಾದ ಮ್ಯಾಕ್ಲಿನ್ ದಂಪತಿ ಈ ದಾರಿಯನ್ನು 1944ರಲ್ಲೇ ವಿವರಿಸಿದ್ದರು. ಕುತ್ತಿಗೆ ಊದಿಕೊಂಡು, ಬೆರಳಿಟ್ಟರೆ ಹಪ್ಪಳ ಮುರಿದಂತೆ ಚರಚರ ಎನ್ನುವುದು ಇದರ ಗುರುತು. ಸ್ವರವೂ ಬದಲಾಗಬಹುದು. ಊತವೆಂದು ಎಣ್ಣೆ ಹಚ್ಚಿ ತಿಕ್ಕುತ್ತಾ ಹೊತ್ತು ಕಳೆಯಬೇಡಿ.

ಗಾಳಿ ಎದೆಯ ನಡುವೆ ಮಾತ್ರ ಇದ್ದರೆ ಹೆಚ್ಚಿನವರಿಗೆ ವಿಶ್ರಾಂತಿ, ಆಮ್ಲಜನಕ ಮತ್ತು ಕೆಮ್ಮಿನ ಔಷಧಿ ಸಾಕಾಗುತ್ತದೆ. ದೇಹವೇ ಅದನ್ನು ಹೀರಿಕೊಳ್ಳುತ್ತದೆ. ಶ್ವಾಸಕೋಶ ಮತ್ತು ಎದೆಗೂಡಿನ ನಡುವೆ ಸೇರಿದರೆ ಮಾತ್ರ ಶ್ವಾಸಕೋಶ ಕುಗ್ಗುತ್ತದೆ. ಗಾಳಿ ಜಾಸ್ತಿಯಾದರೆ ನಳಿಗೆ ಹಾಕಿ ತೆಗೆಯಬೇಕು. ಏದುಸಿರು, ತುಟಿ ನೀಲಿಯಾಗುವುದು, ತಲೆಸುತ್ತು ಕಂಡರೆ ಬೆಳಗಾಗಲೆಂದು ಕಾಯಬಾರದು. ಒಂದು ಎಕ್ಸ್‌ರೇ ಅಥವಾ ಸಿ.ಟಿ. ಸ್ಕ್ಯಾನ್‌ನಲ್ಲಿ ವಿಷಯ ತಿಳಿಯುತ್ತದೆ.

ರೋಗಿಗಳ ಮನೆಗೆ ಹೋಗುವ ವಾಳೆಯ ಗುರಿಕಾರರು ಇದನ್ನು ಮನೆಯವರಿಗೆ ತಿಳಿಸಿದರೆ ಒಳಿತು. ಉಸಿರಾಟಕ್ಕೆ ಒಳ್ಳೆಯದೆಂದು ಬಲೂನು ಊದಿಸುವವರಿದ್ದಾರೆ. ಎದೆಯಲ್ಲಿ ಗಾಳಿ ಸೋರಿದವರಿಗೆ ಅದು ಕೂಡದು.

ಗಲ್ಫ್‌ಗೆ ಮರಳುವ ಆತುರದಲ್ಲಿರುವವರಿಗೆ ಇನ್ನೊಂದು ಮಾತು. ವಿಮಾನ ಏರಿದಂತೆ ಎದೆಯಲ್ಲಿ ಸಿಕ್ಕಿಕೊಂಡ ಗಾಳಿ ಹಿಗ್ಗುತ್ತದೆ. ಶ್ವಾಸಕೋಶ ಕುಗ್ಗಿದ್ದವರು ಎಕ್ಸ್‌ರೇಯಲ್ಲಿ ಎಲ್ಲ ಸರಿಯಾಗಿದೆಯೆಂದು ಕಂಡ ಮೇಲೂ ಕನಿಷ್ಠ ಒಂದು ವಾರ ಬಿಟ್ಟು, ವೈದ್ಯರನ್ನು ಕೇಳಿಯೇ ಟಿಕೆಟ್ ಮಾಡಿಸಬೇಕು.