ನಿಮಗಿದು ಗೊತ್ತೇ? ಗೇಮಿನ ಕಥೆಗೂ ಕಂಪನಿ ನಾಟಕಕ್ಕೂ ಒಂದೇ ಪಟ್ಟು!

ಐದು ನಿಮಿಷ ಆಡಿದರೆ ಕೊನೆ ಗೊತ್ತಾಗಿಬಿಡುತ್ತದೆ ಎಂಬುದು ವಿಡಿಯೊ ಗೇಮ್ ಕಥೆಗಳ ಮೇಲಿನ ಹಳೇ ದೂರು. ತುಮಕೂರು ಸೀಮೆಯ ನಾಟಕಪ್ರಿಯರು ಕೇಳಿದರೆ ನಕ್ಕಾರು: ಕೊನೆ ಗೊತ್ತಿದ್ದೇ ಅವರು ಬೆಳಗಿನವರೆಗೆ ಕೂರುವವರು!

● 1985ರ ‘ಸೂಪರ್ ಮಾರಿಯೊ ಬ್ರದರ್ಸ್’ನಲ್ಲಿ ಏಳು ಲೋಕಗಳ ಕೋಟೆ ಗೆದ್ದರೂ ರಾಜಕುಮಾರಿ ಸಿಗುವುದಿಲ್ಲ. ಅವಳಿರುವುದು ಎಂಟನೆಯದರಲ್ಲಿ. ಏಳು ಸಮುದ್ರದಾಚೆ ಅವಳನ್ನು ಬಚ್ಚಿಟ್ಟ ನಮ್ಮ ಅಜ್ಜಿಯರ ಲೆಕ್ಕವೂ ಹೆಚ್ಚುಕಡಿಮೆ ಇದೇ!

● ರಷ್ಯಾದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ 1928ರಲ್ಲಿ ನೂರು ಮಾಯಾಕಥೆಗಳನ್ನು ಬಿಡಿಸಿ ನೋಡಿ, ಘಟನೆಗಳ ಬಗೆ 31, ಪಾತ್ರಗಳ ಬಗೆ 7 ಅಷ್ಟೇ ಎಂದರು. ನಾಯಕನಿಗೆ ಮಾಯಾವಸ್ತು ಕೊಡುವ ‘ದಾನಿ’ ಆ ಏಳರಲ್ಲೊಬ್ಬ. 1986ರ ‘ದಿ ಲೆಜೆಂಡ್ ಆಫ್ ಜೆಲ್ಡಾ’ದಲ್ಲಿ ಗುಹೆಯೊಳಗೆ ಕತ್ತಿ ಕೊಡುವ ಮುದುಕ ಅವನೇ.

● ಗೇಮ್ ನಾಯಕರಿಗೆ ಪದೇ ಪದೇ ನೆನಪು ಹೋಗುವುದೇಕೆ? ಆಡುವವನಿಗೆ ಆ ಲೋಕದ ಗಂಧವೇ ಇರುವುದಿಲ್ಲ. ನಾಯಕನಿಗೂ ಮರೆವು ಬಂದರೆ ಇಬ್ಬರೂ ಜತೆಯಲ್ಲೇ ಕಲಿಯಬಹುದು. 1999ರ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ನ ನಾಯಕ ಶವಾಗಾರದಲ್ಲಿ ಕಣ್ಣು ಬಿಡುತ್ತಾನೆ, ತನ್ನ ಹೆಸರೂ ತಿಳಿಯದೆ.

● ನೋಡುವವರಿಗೆ ಪಾತ್ರ ಯಾರೆಂದು ತಿಳಿಯದ ಇದೇ ತೊಡಕನ್ನು ಮೂಡಲಪಾಯ ಯಕ್ಷಗಾನ ಬೇರೆ ರೀತಿ ಬಿಡಿಸಿಕೊಂಡಿತು. ಪಾತ್ರ ರಂಗಕ್ಕೆ ಬಂದೊಡನೆ ಸಾರಥಿ ಅಡ್ಡ ನಿಂತು ಯಾರು, ಯಾವೂರು ಎಂದು ಕೇಳುತ್ತಾನೆ. ಪ್ರೇಕ್ಷಕರಿಗೆ ಬೇಕಾದ ಪರಿಚಯವೆಲ್ಲ ಆ ಉತ್ತರದಲ್ಲೇ ಮುಗಿಯಿತು.

● ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ನಾಡಿನ ಮನೆಮಾತಾಗಿಸಿದವರು ಗುಬ್ಬಿ ವೀರಣ್ಣ. ‘ಸದಾರಮೆ’ಯಲ್ಲಿ ಅವರಿಗೆ ಹೆಸರು ತಂದದ್ದು ರಾಜಕುಮಾರನ ಪಾತ್ರವಲ್ಲ, ಕಳ್ಳನ ಪಾತ್ರ!

● ಕಂಪನಿ ನಾಟಕದಲ್ಲಿ ಮುಂಪರದೆಯ ಮುಂದೆ ಹಾಸ್ಯ ನಡೆಯುವಾಗ ಹಿಂದೆ ಅರಮನೆ ಎದ್ದು ನಿಲ್ಲುತ್ತಿತ್ತು. 2007ರ ‘ಮಾಸ್ ಎಫೆಕ್ಟ್’ನಲ್ಲಿ ಪಾತ್ರಗಳು ಲಿಫ್ಟ್‌ನಲ್ಲಿ ನಿಂತು ಹರಟುವುದೂ ಅದಕ್ಕೇ: ಆ ಹೊತ್ತಿನಲ್ಲಿ ಯಂತ್ರ ಮುಂದಿನ ದೃಶ್ಯವನ್ನು ತುಂಬಿಕೊಳ್ಳುತ್ತದೆ.

● ಗೇಮ್‌ಗಳಲ್ಲಿ ಒಬ್ಬನನ್ನು ಉರುಳಿಸಿದರೆ ಇನ್ನೊಬ್ಬ ‘ಬಾಸ್’, ಅಂದರೆ ಬಲಶಾಲಿ ಎದುರಾಳಿ, ಎದುರಾಗುವ ಕ್ರಮ ಕುರುಕ್ಷೇತ್ರದಲ್ಲೇ ಇದೆ. ಭೀಷ್ಮರ ಸೇನಾಪತ್ಯ 10 ದಿನ, ದ್ರೋಣರದು 5, ಕರ್ಣನದು 2, ಆಮೇಲೆ ಶಲ್ಯ. ಕೊನೆಯ ಬಾಸ್ ದುರ್ಯೋಧನನ ತೊಡೆಯೇ ಅವನ ದುರ್ಬಲ ಜಾಗ, ಅದರ ಸುಳಿವು ಕೊಡುವವನು ಕೃಷ್ಣ.

● ಗುಬ್ಬಿ ಕಂಪನಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕಿಳಿಸಿತ್ತು. ಕಥೆ ಹಳೆಯದಾದರೇನು, ಜನ ನುಗ್ಗಿ ಬಂದರು.

● ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಪಾತ್ರಕ್ಕೆ ಕಲಾವಿದರೇ ದುಡ್ಡು ಕಟ್ಟುತ್ತಾರೆ. ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಸಾಲದ್ದಕ್ಕೆ ಹಾರ್ಮೋನಿಯಂ ಮೇಷ್ಟ್ರ ಬಳಿ ತಿಂಗಳುಗಟ್ಟಲೆ ತಾಲೀಮು. ಗೇಮ್‌ಗಳಲ್ಲಿ ದುಡ್ಡು ಕೊಟ್ಟರೆ ಮುಗಿಯಿತು, ತಾಲೀಮಿಲ್ಲದೆಯೇ ಹೊಸ ವೇಷ ಕೈಗೆ ಬರುತ್ತದೆ.

● ಪಟ್ಟು ಗೊತ್ತಿದ್ದವರಿಗೇ ಪಟ್ಟು ಮುರಿಯುವ ಖುಷಿ. 2015ರ ‘ಅಂಡರ್‌ಟೇಲ್’ನಲ್ಲಿ ಒಬ್ಬರನ್ನೂ ಕೊಲ್ಲದೆ ಆಟ ಮುಗಿಸಬಹುದು. ಪುಣೆಯಲ್ಲಿ ತಯಾರಾದ 2020ರ ‘ರಾಜಿ’ಯಲ್ಲಿ ಅಸುರರ ಸೆರೆಯಲ್ಲಿರುವವನು ತಮ್ಮ, ಬಿಡಿಸಲು ಹೊರಟವಳು ಅಕ್ಕ!

● ಮುಗಿದ ಆಟವನ್ನು ಗಳಿಸಿದ ಬಲದೊಂದಿಗೇ ಮೊದಲಿನಿಂದ ಆಡುವುದಕ್ಕೆ ‘ನ್ಯೂ ಗೇಮ್ ಪ್ಲಸ್’ ಎಂಬ ಹೆಸರು ಬಂದದ್ದು 1995ರ ‘ಕ್ರೋನೊ ಟ್ರಿಗರ್’ನಿಂದ. ಹಾಡು ಮೆಚ್ಚಿದ ನಮ್ಮ ಪ್ರೇಕ್ಷಕರು ಅದಕ್ಕೂ ಎಷ್ಟೋ ಮೊದಲೇ ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದರು!